ರಾತ್ರಿಯ ಹಸಿವಿಗೆ ಬೆಳಗಿನ ತಿಂಡಿಯೇ ಮದ್ದು

ಪ್ರಶ್ನೆ: ನನಗೆ 27 ವರ್ಷ. ಮೈಸೂರಿನ ಸರಸ್ವತಿಪುರಂನ ಪಿ.ಜಿ.ಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗುತ್ತೇನೆ. ತೂಕ ಇಳಿಸಬೇಕೆಂದು ಬೆಳಿಗ್ಗೆ ಬರೀ ಕಾಫಿ, ಮಧ್ಯಾಹ್ನ ಸೌತೆಕಾಯಿ, ಮಜ್ಜಿಗೆ. ರಾತ್ರಿ ಹತ್ತರ ಮೇಲೆ ಬಿಸ್ಕತ್ತು, ಚಿಪ್ಸ್, ಮೈಸೂರು ಪಾಕ್, ಕೈಗೆ ಸಿಕ್ಕಿದ್ದನ್ನೆಲ್ಲ ಹೊಟ್ಟೆ ಬಿರಿಯುವಷ್ಟು ತಿಂದು ಆಮೇಲೆ ಅಳುತ್ತೇನೆ. ವಾರಕ್ಕೆ ಎರಡು ಮೂರು ಸಲ ಹೀಗೆ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಮನಸ್ಸು ಗಟ್ಟಿಯಾಗಿಯೇ ಇದೆ. ಇಲ್ಲದಿದ್ದರೆ ಸೌತೆಕಾಯಿ ತಿಂದುಕೊಂಡು ಸಂಜೆವರೆಗೆ ದುಡಿಯಲು ಆಗುತ್ತಿರಲಿಲ್ಲ. ದಿನವಿಡೀ ಬಾಕಿ ಇಟ್ಟ ಊಟವನ್ನು ದೇಹ ರಾತ್ರಿ ವಸೂಲಿ ಮಾಡುತ್ತಿದೆ, ಅಷ್ಟೇ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರ್ಧ ಊಟ ಕೊಟ್ಟು ನೋಡಿದರು. ಅವರಿಗೆ ಊಟ ಬಿಟ್ಟು ಬೇರೆ ಯೋಚನೆಯೇ ಇಲ್ಲವಾಯಿತು. ಕೆಲವರು ಅಡುಗೆ ಪುಸ್ತಕ ಓದುತ್ತ ಕೂತರು. ಮತ್ತೆ ಧಾರಾಳವಾಗಿ ಬಡಿಸಿದಾಗ ಎಷ್ಟು ತಿಂದರೂ ಸಾಲದೆ ಒದ್ದಾಡಿದವರಿದ್ದರು.

ಹಾಗಾಗಿ ರಾತ್ರಿಯನ್ನು ಸದ್ಯಕ್ಕೆ ಬಿಟ್ಟುಬಿಡಿ, ಬೆಳಗ್ಗೆಯಿಂದ ಶುರು ಮಾಡಿ. ಎದ್ದ ಒಂದು ಗಂಟೆಯೊಳಗೆ ತಿಂಡಿ. ಮೂರು ಇಡ್ಲಿ, ಚಟ್ನಿ, ಜೊತೆಗೊಂದು ಮೊಟ್ಟೆ ಅಥವಾ ಒಂದು ಬಟ್ಟಲು ಸಾಂಬಾರ್ ಆದರೆ ಒಳ್ಳೆಯ ಆರಂಭ. ಹನ್ನೊಂದಕ್ಕೆ ಬಾಳೆಹಣ್ಣೋ ಒಂದು ಹಿಡಿ ಕಡಲೆಬೀಜವೋ. ಒಂದೂವರೆಗೆ ಊಟವೆನ್ನಿಸುವಂಥ ಊಟ: ಒಂದು ಮುದ್ದೆ, ಬಸ್ಸಾರು, ಸ್ವಲ್ಪ ಅನ್ನ, ಮೊಸರು. ಐದಕ್ಕೆ ಕಾಫಿಯ ಜೊತೆ ಏನಾದರೂ ಇರಲೇಬೇಕು. ನಿಮ್ಮಂಥವರು ಎಡವುವುದೇ ಇಲ್ಲಿ. ಎಂಟೂವರೆಗೆ ರಾತ್ರಿ ಊಟ. ಎರಡು ಹೊತ್ತಿನ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಮೊದಮೊದಲು ಹಸಿವೇ ತಿಳಿಯದಿರಬಹುದು. ಆಗ ಗಡಿಯಾರ ನೋಡಿ ತಿನ್ನಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ಇದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ.

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು: ಹಿಂದಿನ ರಾತ್ರಿ ಎಷ್ಟೇ ತಿಂದಿರಲಿ, ಮರುದಿನದ ತಿಂಡಿ ಬಿಡಬಾರದು. ‘ನಿನ್ನೇದನ್ನ ಇವತ್ತು ಸರಿ ಮಾಡ್ತೀನಿ’ ಎಂದು ಉಪವಾಸ ಕೂತರೆ ಇವತ್ತಿನ ರಾತ್ರಿಗೂ ಅದೇ ಗತಿ.

ಒಂದು ನೋಟ್‌ಬುಕ್ಕಿನಲ್ಲಿ ತಿಂದ ಹೊತ್ತು, ಪದಾರ್ಥ, ಎಲ್ಲಿ ಕೂತು ತಿಂದಿರಿ, ಆಗ ಮನಸ್ಸು ಹೇಗಿತ್ತು, ಇಷ್ಟು ಬರೆಯಿರಿ. ಕ್ಯಾಲೊರಿ ಲೆಕ್ಕ ಬೇಡವೇ ಬೇಡ. ಎರಡು ವಾರದ ಪುಟ ತಿರುವಿ ಹಾಕಿದರೆ ಯಾವ ದಿನ ಹದ ತಪ್ಪಿತು ಎಂಬುದು ನಿಮಗೇ ಕಾಣುತ್ತದೆ. ಸಾಮಾನ್ಯವಾಗಿ ಅದು ಮಧ್ಯಾಹ್ನ ಊಟ ಬಿಟ್ಟ ದಿನ, ಇಲ್ಲವೇ ಮನೆಯಿಂದ ಬೇಸರದ ಫೋನು ಬಂದ ದಿನ.

ಮೂರು ನಾಲ್ಕು ವಾರ ಊಟ ಹೊತ್ತಿಗೆ ಸರಿಯಾಗಿ ನಡೆದ ಮೇಲೆ ಮೈಸೂರು ಪಾಕಿನ ಸರದಿ. ಅದಕ್ಕೆ ಮುಂಚೆ ಬೇಡ. ಕಿಲೋ ಡಬ್ಬ ತರದೆ ನೂರು ಗ್ರಾಂ ಕಟ್ಟಿಸಿಕೊಳ್ಳಿ. ಮಧ್ಯಾಹ್ನದ ಊಟವಾದ ಮೇಲೆ, ಖಾಲಿ ಹೊಟ್ಟೆಯಲ್ಲಲ್ಲ, ಒಂದು ತುಂಡು ತಟ್ಟೆಗೆ ಹಾಕಿಕೊಂಡು, ಫೋನ್ ಪಕ್ಕಕ್ಕಿಟ್ಟು ಕೂತು ತಿನ್ನಿ. ವಾರಕ್ಕೆ ಎರಡು ಸಲ. ಮೊದಲ ಕೆಲವು ಸಲ ಎದೆ ಹೊಡೆದುಕೊಳ್ಳುತ್ತದೆ. ‘ಇನ್ನು ಮುಟ್ಟಲ್ಲ’ ಎಂಬ ಶಪಥ ಬಿಟ್ಟುಹೋದಂತೆ ಅದರ ಸೆಳೆತವೂ ತಗ್ಗುತ್ತದೆ.

ತೂಕದ ಯಂತ್ರ ವಾರಕ್ಕೊಮ್ಮೆ ಸಾಕು. ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾದರೆ, ಮುಟ್ಟು ಹತ್ತಿರ ಬಂದರೆ, ನೀರು ನಿಂತು ಒಂದೆರಡು ಕಿಲೋ ಆಚೀಚೆ ಆಗುವುದುಂಟು. ಕಠಿಣ ಡಯಟ್ಟಿನ ಮೊದಲ ವಾರದಲ್ಲಿ ಸರ್ರನೆ ಇಳಿಯುವುದರಲ್ಲೂ ಬಹುಪಾಲು ನೀರೇ: ದೇಹ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ. ಊಟ ಶುರುವಾದೊಡನೆ ಅದು ವಾಪಸ್ ಬರುತ್ತದೆ, ನೀವು ಹೆದರಿ ಮತ್ತೆ ಊಟ ಬಿಡುತ್ತೀರಿ.

ವಾರಕ್ಕೊಮ್ಮೆಯಾದರೂ ಹೀಗೆ ತಿನ್ನುವುದು ಮೂರು ತಿಂಗಳು ನಡೆದಿದ್ದರೆ ಅದು ಚಿಕಿತ್ಸೆ ಇರುವ ಕಾಯಿಲೆ ಆಗಿರಬಹುದು, ಮನೋವೈದ್ಯರಿಗೆ ತೋರಿಸಿ. ತಿಂದದ್ದನ್ನು ವಾಂತಿ ಮಾಡುವ, ಭೇದಿಯಾಗಲೆಂದು ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಕಾಯಲೇಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣಾಂಶ ಇಳಿದು ಹೃದಯದ ಬಡಿತ ತಪ್ಪಬಹುದು.

ಪ್ರಶ್ನೆ: ಮದುವೆ ಮನೆಗೆ ಹೋದರೆ ಸಾಕು, ಸೋದರತ್ತೆ ಎಲ್ಲರೆದುರು ‘ಏನೇ, ಹಿಂಗೆ ಊದ್ಕೊಂಡಿದ್ದೀಯ’ ಅನ್ನುತ್ತಾರೆ. ಪಂಕ್ತಿಯಲ್ಲಿ ಕೂರಲೇ ನಾಚಿಕೆ. (ಮದ್ದೂರು)

ಉತ್ತರ: ‘ಹೂಂ ಅತ್ತೆ. ನಿಮ್ದು ಊಟ ಆಯ್ತಾ?’ ಎಂದು ಎದ್ದು ಹೋಗಿ. ವಾದಕ್ಕೆ ನಿಂತರೆ ಮಾತು ಬೆಳೆಯುತ್ತದೆ. ಹೋಗುವ ಮುಂಚೆ ಮನೆಯಲ್ಲಿ ತಿಂಡಿ ತಿಂದಿರಿ, ಬಿಗಿಯಾಗದ ರವಿಕೆ ಹೊಲಿಸಿಕೊಳ್ಳಿ. ಆಗದ ಬಟ್ಟೆಯನ್ನು ‘ಸಣ್ಣ ಆದ್ಮೇಲೆ’ ಎಂದು ಬೀರುವಿನ ಎದುರಿಗೇ ನೇತುಹಾಕಿಕೊಳ್ಳಬೇಡಿ. ಅದೂ ದಿನಾ ಬೆಳಿಗ್ಗೆ ಅತ್ತೆಯ ಮಾತನ್ನೇ ಆಡುತ್ತದೆ.

ಪ್ರಶ್ನೆ: ಮಂಡ್ಯದಲ್ಲಿ ಪಿ.ಯು.ಸಿ. ಓದುವ ಮಗಳು ಮುದ್ದೆ, ಅನ್ನ ಎರಡೂ ಬಿಟ್ಟಿದ್ದಾಳೆ. ತುಂಬ ಇಳಿದುಹೋಗಿದ್ದಾಳೆ, ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಬಿಸಿಲಲ್ಲೂ ಸ್ವೆಟರ್ ಬೇಕು ಅನ್ನುತ್ತಾಳೆ. ಬೈದರೆ ಬಾಗಿಲು ಹಾಕಿಕೊಳ್ಳುತ್ತಾಳೆ.

ಉತ್ತರ: ಅಮ್ಮ, ಇದು ಹಟವಲ್ಲ. ಈ ವಾರವೇ ವೈದ್ಯರಿಗೆ ತೋರಿಸಿ. ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಆಗಲಿ. ನಾಡಿ, ಮಲಗಿ-ನಿಂತು ರಕ್ತದೊತ್ತಡ, ಇ.ಸಿ.ಜಿ., ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಫಾಸ್ಫೇಟ್ ನೋಡಲು ಕೇಳಿ. ಮುಟ್ಟು ನಿಲ್ಲಲು ಬೇರೆ ಕಾರಣವಿದೆಯೇ ಎಂಬುದನ್ನೂ ಅವರು ಪರೀಕ್ಷಿಸುತ್ತಾರೆ. ತಲೆ ಸುತ್ತಿ ಬಿದ್ದರೆ, ಎಚ್ಚರವಿದ್ದಾಗಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ ಅಂದೇ ಕರೆದೊಯ್ಯಿರಿ. ಹೆದರಿ ಒಮ್ಮೆಲೇ ತಟ್ಟೆ ತುಂಬ ತಿನ್ನಿಸಬೇಡಿ. ಬಹಳ ದಿನ ಉಪವಾಸವಿದ್ದ ದೇಹಕ್ಕೆ ಥಟ್ಟನೆ ಹೆಚ್ಚು ಊಟ ಬಿದ್ದರೆ ರಕ್ತದ ಫಾಸ್ಫೇಟ್ ಕುಸಿದು ಜೀವಕ್ಕೇ ಕುತ್ತಾಗಬಹುದು. ಎಷ್ಟರಿಂದ ಶುರು, ಹೇಗೆ ಏರಿಸುವುದು ಎಂಬುದನ್ನು ವೈದ್ಯರು ಹೇಳಲಿ.

ಆಮೇಲೆ ಬಡಿಸುವ ಜವಾಬ್ದಾರಿ ನಿಮ್ಮದು, ಅವಳದಲ್ಲ. ಮೂರು ಊಟ, ನಡುವೆ ಮೂರು ಚಿಕ್ಕ ತಿಂಡಿ. ಪ್ರತಿ ಸಲವೂ ಮನೆಯವರೊಬ್ಬರು ಜೊತೆಗೆ ಕೂತು ತಿನ್ನಬೇಕು, ಮುಗಿದ ಮೇಲೂ ಒಂದು ಗಂಟೆ ಜೊತೆಗಿರಬೇಕು. ತಟ್ಟೆಯ ಮುಂದೆ ತೂಕದ ಮಾತು ಬೇಡ, ಮಾರ್ಕ್ಸಿನ ಮಾತೂ ಬೇಡ. ಸ್ವಲ್ಪ ಚೇತರಿಸಿಕೊಂಡಾಗ ‘ಈಗ ಮೈ ತುಂಬ್ಕೊಂಡು ಲಕ್ಷಣವಾಗಿದ್ದೀಯ’ ಎಂದು ಹೊಗಳಿದರೆ ‘ದಪ್ಪ ಆದೆ’ ಎಂದೇ ಅವಳ ಕಿವಿಗೆ ಬೀಳುತ್ತದೆ; ನೆಂಟರಿಗೂ ಮೊದಲೇ ಹೇಳಿಡಿ. ರಾತ್ರಿ ಹೊತ್ತು ಯಾರನ್ನಾದರೂ ಕೇಳಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.