ಟೆಲಿಸ್ಕೋಪ್ ಕೊಳ್ಳುವ ಮುಂಚೆ: ಫೋನಿಗೆ ಯಾವ ಕೆಲಸ ಕೊಡುತ್ತೀರಿ?

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ಒಂದು ವರ್ಷದಿಂದ ಟೆಲಿಸ್ಕೋಪ್ ಬೇಕು ಅಂತ ಹಟ ಹಿಡಿದಿದ್ದಾಳೆ. ಮನೆಯಲ್ಲಿ ಯಾರಿಗೂ ನಕ್ಷತ್ರಗಳ ಗುರುತಿಲ್ಲ. ಹಾಗಾಗಿ ಫೋನಿನಿಂದ ನಡೆಯುವಂಥದ್ದು ಸುಲಭ ಅನ್ನಿಸಿತು. ಹುಡುಕಿದರೆ ಹತ್ತಾರು ಬಗೆ ಸಿಗುತ್ತವೆ. ಒಂದಕ್ಕೆ ಫೋನ್ ಸಿಕ್ಕಿಸಬೇಕು, ಇನ್ನೊಂದರಲ್ಲಿ ಕಣ್ಣಿಟ್ಟು ನೋಡುವ ಜಾಗವೇ ಇಲ್ಲ, ಮತ್ತೊಂದು 525 ಪಟ್ಟು ದೊಡ್ಡದಾಗಿ ತೋರಿಸುತ್ತದಂತೆ. ನಮ್ಮ ಮನೆ ಇರುವುದು ಬೀದಿದೀಪಗಳ ನಡುವೆ. ತಾರಸಿ ಇದೆ. ಯಾವುದನ್ನು ತಗೊಳ್ಳಲಿ?

ಉತ್ತರ: ಮೊದಲು ಆ 525 ಪಟ್ಟಿನದನ್ನು ಬಿಟ್ಟುಬಿಡಿ. ಟೆಲಿಸ್ಕೋಪಿನ ಬಾಯಿ ಎಷ್ಟು ಮಿಲಿಮೀಟರ್ ಅಗಲವಿದೆಯೋ, ಅದರ ಎರಡು ಪಟ್ಟಿನವರೆಗೆ ಮಾತ್ರ ಹಿಗ್ಗಿಸಿ ನೋಡಬಹುದು. 70 ಮಿ.ಮೀ. ಬಾಯಿಯದಕ್ಕೆ ಸುಮಾರು 140 ಪಟ್ಟು, ಅಷ್ಟೇ. ಅದರಾಚೆಗೆ ಹೋದರೆ ಸಣ್ಣ ಫೋಟೊವನ್ನು ಎಳೆದು ದೊಡ್ಡದು ಮಾಡಿದ ಹಾಗೆ. ದೊಡ್ಡದಾಗಿ ಕಾಣುತ್ತದೆ, ಮಬ್ಬಾಗಿ ಕಾಣುತ್ತದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಪಟ್ಟಿನ ಲೆಕ್ಕ ಬರೆದಿದ್ದರೆ ಅದನ್ನು ಕೊಳ್ಳದಿರಲು ಅದೊಂದೇ ಕಾರಣ ಸಾಕು.

ಉಳಿದ ಗೊಂದಲ ನಿಮ್ಮ ತಪ್ಪಲ್ಲ. ‘ಫೋನಿನಿಂದ ನಡೆಯುವ ಟೆಲಿಸ್ಕೋಪ್’ ಅನ್ನುವ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಾಮಾನು ಮಾರುತ್ತಿದ್ದಾರೆ. ಮೊದಲನೆಯದರಲ್ಲಿ ಫೋನ್ ದಾರಿ ತೋರಿಸುತ್ತದೆ. ಎರಡನೆಯದರಲ್ಲಿ ಡ್ರೈವರ್ ಆಗುತ್ತದೆ. ಮೂರನೆಯದರಲ್ಲಿ ನಿಮ್ಮ ಕಣ್ಣಿನ ಜಾಗಕ್ಕೇ ಬಂದು ಕೂರುತ್ತದೆ. ಮಗಳ ಫೋನಿಗೆ ಇವುಗಳಲ್ಲಿ ಯಾವ ಕೆಲಸ ಅಂತ ತೀರ್ಮಾನ ಮಾಡಿ. ಆಮೇಲೆ ಮಾಡೆಲ್ ಆರಿಸುವುದು ಕಷ್ಟವಾಗುವುದಿಲ್ಲ.

ದಾರಿ ತೋರಿಸುವ ಬಗೆಗೆ ಉದಾಹರಣೆ ಸೆಲೆಸ್ಟ್ರಾನ್ ಕಂಪನಿಯ ಸ್ಟಾರ್‌ಸೆನ್ಸ್ ಎಕ್ಸ್‌ಪ್ಲೋರರ್. ಕೊಳವೆಯ ಪಕ್ಕದಲ್ಲಿ ಒಂದು ತೊಟ್ಟಿಲಿನಂಥದ್ದು ಇರುತ್ತದೆ, ಅದರಲ್ಲಿ ಫೋನ್ ಇಡಬೇಕು. ಅಲ್ಲಿರುವ ಪುಟ್ಟ ಕನ್ನಡಿಯ ಮೂಲಕ ಫೋನಿನ ಕ್ಯಾಮೆರಾ ಆಕಾಶದ ಚಿತ್ರ ತೆಗೆಯುತ್ತದೆ. ಚಿತ್ರದಲ್ಲಿನ ಚುಕ್ಕಿಗಳನ್ನು ಆ್ಯಪ್ ತನ್ನ ನಕ್ಷೆಯ ಜೊತೆ ಹೋಲಿಸಿ, ಕೊಳವೆ ಈಗ ಎತ್ತ ತಿರುಗಿದೆ ಅಂತ ಪತ್ತೆ ಮಾಡುತ್ತದೆ. ನೀವು ಶನಿ ಬೇಕು ಅಂದರೆ ಪರದೆಯಲ್ಲಿ ಬಾಣದ ಗುರುತು ಬರುತ್ತದೆ. ಬಾಣ ಹೇಳಿದ ಕಡೆಗೆ ಕೊಳವೆಯನ್ನು ಕೈಯಲ್ಲೇ ತಿರುಗಿಸುತ್ತಾ ಹೋಗಬೇಕು. ಪರದೆಯಲ್ಲಿನ ಗುರಿಯ ಗುರುತು ಹಸಿರಾದ ಮೇಲೆ ಐಪೀಸಿಗೆ, ಅಂದರೆ ಕಣ್ಣಿಟ್ಟು ನೋಡುವ ಮಸೂರಕ್ಕೆ, ಕಣ್ಣಿಡಿ, ಅಲ್ಲಿ ಶನಿ ಇರುತ್ತದೆ. ಮೋಟಾರಿಲ್ಲ, ಬೇರೆ ಬ್ಯಾಟರಿ ಇಲ್ಲ. ಒಂದು ಕಿರಿಕಿರಿ ಅಂದರೆ, ಭೂಮಿ ತಿರುಗುತ್ತಿರುವುದರಿಂದ ಕಂಡದ್ದು ನಿಲ್ಲುವುದಿಲ್ಲ. ನೂರು ಪಟ್ಟಿನಲ್ಲಿ ನೋಡುವಾಗ ಗ್ರಹ ಎರಡೇ ನಿಮಿಷದಲ್ಲಿ ಈ ಅಂಚಿನಿಂದ ಆ ಅಂಚಿಗೆ ಜಾರಿಹೋಗುತ್ತದೆ. ಆಗಾಗ ಸ್ವಲ್ಪ ತಳ್ಳುತ್ತಿರಬೇಕು. ಮಕ್ಕಳಿಗೆ ಇದು ಬಲು ಬೇಗ ರೂಢಿಯಾಗುತ್ತದೆ, ದೊಡ್ಡವರೇ ಗೊಣಗುವುದು ಜಾಸ್ತಿ.

ಡ್ರೈವರ್ ಬಗೆಯಲ್ಲಿ ಮೋಟಾರ್ ಇರುತ್ತದೆ. ಸೆಲೆಸ್ಟ್ರಾನ್‌ನ ಆಸ್ಟ್ರೋ ಫೈ, ಸ್ಕೈ-ವಾಚರ್‌ನ ವರ್ಚುವೊಸೊ ಜಿಟಿಐ ಈ ಸಾಲಿನವು. ಫೋನ್ ವೈಫೈ ಮೂಲಕ ಕೊಳವೆಯನ್ನು ನೀವು ಕೇಳಿದ ಗ್ರಹದ ಕಡೆಗೆ ತಿರುಗಿಸುತ್ತದೆ, ಆಮೇಲೆ ಗ್ರಹ ಸರಿದ ಹಾಗೆ ಕೊಳವೆ ಅದನ್ನೇ ಹಿಂಬಾಲಿಸುತ್ತದೆ. ಹತ್ತು ಜನ ಸಾಲಾಗಿ ನಿಂತು ನೋಡುವಾಗ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಪ್ರತಿ ರಾತ್ರಿ ಶುರುವಿನಲ್ಲಿ ಎರಡೋ ಮೂರೋ ನಕ್ಷತ್ರಗಳನ್ನು ಅದಕ್ಕೆ ತೋರಿಸಿಕೊಡಬೇಕು. ‘ಸ್ವಾತಿ ನಕ್ಷತ್ರವನ್ನು ನಡುವಿಗೆ ತನ್ನಿ’ ಅಂತ ಅದು ಹೇಳಿದರೆ, ಸ್ವಾತಿ ಯಾವುದು ಅಂತ ಗೊತ್ತಿಲ್ಲದವರು ಏನು ಮಾಡಬೇಕು? ಹೆಸರು ತಿಳಿಯದಿದ್ದರೂ ಯಾವುದಾದರೂ ಮೂರು ಹೊಳೆಯುವ ಚುಕ್ಕಿಗಳನ್ನು ತೋರಿಸಿದರೆ ಸಾಕು ಅನ್ನುವ ವಿಧಾನ ಸೆಲೆಸ್ಟ್ರಾನ್‌ನಲ್ಲಿದೆ. ಆದರೂ ಟ್ರೈಪಾಡ್ ಸ್ವಲ್ಪ ಓರೆಯಾಗಿದ್ದರೆ, ಫೋನಿನಲ್ಲಿ ಊರು ತಪ್ಪಾಗಿದ್ದರೆ, ಕೊಳವೆ ಖಾಲಿ ಆಕಾಶವನ್ನು ನೋಡುತ್ತಾ ನಿಲ್ಲುತ್ತದೆ. ಹೊಸಬರ ಉತ್ಸಾಹ ಇಳಿದುಹೋಗುವುದು ಇಲ್ಲೇ.

ಮೂರನೆಯ ಬಗೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಈಗ ಎಲ್ಲರೂ ಮಾತಾಡುತ್ತಿರುವುದು ಅದರದ್ದೇ. ಝಡ್‌ಡಬ್ಲ್ಯುಒ ಕಂಪನಿಯ ಸೀಸ್ಟಾರ್ ಎಸ್50 ಮತ್ತು ಎಸ್30, ಡ್ವಾರ್ಫ್ 3, ವಾಓನಿಸ್‌ನ ವೆಸ್ಪೆರಾ, ಇವೆಲ್ಲ ಈ ಗುಂಪಿನವು. ಇವನ್ನು ‘ಸ್ಮಾರ್ಟ್ ಟೆಲಿಸ್ಕೋಪ್’ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಇವು ಆಕಾಶಕ್ಕೆಂದೇ ಮಾಡಿದ ಕ್ಯಾಮೆರಾಗಳು. ಐಪೀಸ್ ಇಲ್ಲ. ನೆಲದಲ್ಲಿಟ್ಟು ಬಟನ್ ಒತ್ತಿದರೆ ತಾನೇ ದಿಕ್ಕು ಹುಡುಕಿಕೊಂಡು, ತಾನೇ ಫೋಕಸ್ ಮಾಡಿಕೊಳ್ಳುತ್ತದೆ. ಹತ್ತು ಹತ್ತು ಸೆಕೆಂಡಿನ ಫೋಟೊಗಳನ್ನು ತೆಗೆದು ಒಂದರ ಮೇಲೊಂದು ಪೇರಿಸುತ್ತದೆ. ಮೊದಲ ಫೋಟೊದಲ್ಲಿ ಬರೀ ಕಾಳುಕಾಳು ಮಬ್ಬು. ಹತ್ತು ನಿಮಿಷ ಬಿಟ್ಟು ನೋಡಿದರೆ ಮಹಾವ್ಯಾಧನ ನೀಹಾರಿಕೆ (ಆಕಾಶದಲ್ಲಿರುವ ಅನಿಲದ ಮೋಡ) ಗುಲಾಬಿ ಬಣ್ಣದಲ್ಲಿ ರೆಕ್ಕೆ ಬಿಚ್ಚಿ ಕೂತಿರುತ್ತದೆ. ಆ ಬಣ್ಣ ಐಪೀಸಿನಲ್ಲಿ ನಿಮಗೆ ಕಾಣುವುದಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವುದಿಲ್ಲ, ಬೂದು ಮೋಡದ ಹಾಗೆ ಕಾಣುತ್ತದೆ ಅಷ್ಟೆ.

ಬೀದಿದೀಪದ ಕಾಟಕ್ಕೂ ಎಸ್50ಯಲ್ಲಿ ಒಂದು ಉಪಾಯವಿದೆ. ಒಳಗಿರುವ ಫಿಲ್ಟರ್ ಹೈಡ್ರೋಜನ್ ಮತ್ತು ಆಕ್ಸಿಜನ್ ಅನಿಲಗಳ ಬೆಳಕನ್ನು ಒಳಗೆ ಬಿಟ್ಟು ಉಳಿದದ್ದನ್ನು ಬಹುಪಾಲು ತಡೆಯುತ್ತದೆ. ತಾವೇ ಹೊಳೆಯುವ ನೀಹಾರಿಕೆಗಳಿಗೆ ಇದು ವರ. ಗ್ಯಾಲಕ್ಸಿಗಳಿಗೆ ಪ್ರಯೋಜನವಿಲ್ಲ, ಅವುಗಳಲ್ಲಿರುವುದು ಎಲ್ಲ ಬಣ್ಣದ ನಕ್ಷತ್ರಗಳ ಬೆಳಕು.

ಇಷ್ಟೆಲ್ಲ ಕೇಳಿ ‘ಹಾಗಾದರೆ ಇದೇ ಆಗಲಿ’ ಅನ್ನಬೇಡಿ. ಗ್ರಹಗಳ ಲೆಕ್ಕ ಬಾಕಿ ಇದೆ. ಎಸ್50ಯ ಬಾಯಿ 50 ಮಿ.ಮೀ., ಫೋಕಲ್ ದೂರ (ಮಸೂರದಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) 250 ಮಿ.ಮೀ. ಅದರ ಚಿತ್ರದ ಅಗಲ 1,080 ಪಿಕ್ಸೆಲ್. ಅದರಲ್ಲಿ ಚಂದ್ರ ಸುಮಾರು 750 ಪಿಕ್ಸೆಲ್ ತುಂಬಿಕೊಳ್ಳುತ್ತಾನೆ, ಚೆನ್ನಾಗಿಯೇ ಕಾಣುತ್ತಾನೆ. ಗುರು ಗ್ರಹ ನಮಗೆ ಅತಿ ಹತ್ತಿರ ಬಂದಾಗಲೂ 20 ಪಿಕ್ಸೆಲ್ ಮಾತ್ರ. ಶನಿಗೆ ಉಂಗುರ ಇದೆ ಅಂತ ಗೊತ್ತಾಗುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಅದೇ ಬೆಳಕು ಹಿಡಿಯಲು 130 ಮಿ.ಮೀ. ಅಗಲದ ಕನ್ನಡಿ ಇರುವ ಸಾಧಾರಣ ಟೆಲಿಸ್ಕೋಪಿನಲ್ಲಿ, ಗಾಳಿ ಶಾಂತವಾಗಿರುವ ರಾತ್ರಿ 130 ಪಟ್ಟು ಹಿಗ್ಗಿಸಿ ನೋಡಿ. ಗುರುವಿನ ಎರಡು ಪಟ್ಟೆ, ಪಕ್ಕದಲ್ಲಿ ಸಾಲಾಗಿ ನಾಲ್ಕು ಚಂದ್ರರು. ಶನಿಯ ಉಂಗುರ ಶನಿಯಿಂದ ಬಿಡಿಸಿ ನಿಂತಿರುತ್ತದೆ. ಮೊದಲ ಸಲ ಅದನ್ನು ನೋಡಿದವರು ತಲೆ ಎತ್ತಿ, ಕೊಳವೆಯ ಮುಂದೆ ಯಾರಾದರೂ ಚಿತ್ರ ಅಂಟಿಸಿದ್ದಾರಾ ಅಂತ ನೋಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಚಂದ್ರನಿಗೂ ಗ್ರಹಗಳಿಗೂ ಬೀದಿದೀಪದಿಂದ ಅಂಥ ತೊಂದರೆಯಿಲ್ಲ, ಅವು ಅಷ್ಟು ಪ್ರಕಾಶವಾಗಿವೆ.

ನಾನಾದರೆ ನಿಮ್ಮ ಮಗಳಿಗೆ ಮೊದಲ ಬಗೆಯದನ್ನೇ ಕೊಡಿಸುತ್ತೇನೆ, 114 ರಿಂದ 130 ಮಿ.ಮೀ. ಕನ್ನಡಿಯದು. 70 ಮಿ.ಮೀ. ಬಾಯಿಯದಕ್ಕೆ ಹೋಲಿಸಿದರೆ 130ರದ್ದು ಮೂರೂವರೆ ಪಟ್ಟಿನಷ್ಟು ಬೆಳಕು ಹಿಡಿಯುತ್ತದೆ. ಸ್ಟಾರ್‌ಸೆನ್ಸ್‌ನಲ್ಲೇ ಎಲ್‌ಟಿ, ಡಿಎಕ್ಸ್ ಅಂತ ಎರಡು ಸಾಲು ಇವೆ. ಕೈಗೆಟುಕಿದರೆ ಡಿಎಕ್ಸ್ ತಗೊಳ್ಳಿ, ಅದರ ಸ್ಟ್ಯಾಂಡ್ ಗಟ್ಟಿ. ಸ್ಟ್ಯಾಂಡ್ ಅಲುಗಾಡಿದರೆ ಎಂಥ ಕನ್ನಡಿ ಇದ್ದರೂ ಸುಮ್ನೆ. ಕೈಯಲ್ಲಿ ತಿರುಗಿಸಿ ಹುಡುಕಿದ ಹುಡುಗಿಗೆ ಆರು ತಿಂಗಳಲ್ಲಿ ಆಕಾಶದ ದಾರಿ ತಾನಾಗೇ ಬಾಯಿಪಾಠ ಆಗುತ್ತದೆ. ಇನ್ನೊಂದು ಕಾರಣವೂ ಇದೆ. ನಾಳೆ ಕಂಪನಿ ಆ್ಯಪ್ ನಿಲ್ಲಿಸಿತು ಅಂದುಕೊಳ್ಳಿ. ಮೊದಲ ಬಗೆ ಆಗಲೂ ಟೆಲಿಸ್ಕೋಪೇ. ಮೂರನೆಯದು ಮೂಲೆ ಸೇರುತ್ತದೆ.

ಆದರೆ ಅವಳನ್ನೂ ಒಂದು ಮಾತು ಕೇಳಿ: ನೋಡಬೇಕಾ, ಫೋಟೊ ತೆಗೀಬೇಕಾ? ಫೋಟೊ ಅಂದರೆ ಸೀಸ್ಟಾರ್‌ನಂಥದ್ದೇ ಸರಿ. ಅದರಲ್ಲಿ ತಪ್ಪೇನಿಲ್ಲ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗ್ಯಾಲಕ್ಸಿಯನ್ನು ತನ್ನ ತಾರಸಿಯಿಂದಲೇ ಸೆರೆಹಿಡಿದೆ ಅನ್ನುವ ಖುಷಿ ಸಣ್ಣದಲ್ಲ, ಅಲ್ವಾ?

ದುಡ್ಡು ಕೊಡುವ ಮೊದಲು ನಿಮ್ಮ ಫೋನ್ ಆ ಆ್ಯಪ್‌ಗೆ ಹೊಂದುತ್ತದಾ ಅಂತ ಕಂಪನಿಯ ಪಟ್ಟಿಯಲ್ಲಿ ನೋಡಿ. ಎಲ್ಲ ಫೋನುಗಳೂ ನಡೆಯುವುದಿಲ್ಲ. ಹಳೆಯ ಸ್ಟಾರ್‌ಸೆನ್ಸ್ ಯಾರಾದರೂ ಮಾರುತ್ತಿದ್ದರೆ ಆ್ಯಪ್ ತೆರೆಯುವ ಕೋಡ್ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ತೊಟ್ಟಿಲು ಇದ್ದೂ ಇಲ್ಲದ ಹಾಗೆ. ತಂದ ಮೊದಲ ದಿನ ಹಗಲಲ್ಲೇ ದೂರದ ಕಂಬವನ್ನೋ ಮರದ ತುದಿಯನ್ನೋ ಐಪೀಸಿನ ನಡುವೆ ತಂದು, ಫೋನಿನ ಗುರಿಯೂ ಅಲ್ಲೇ ಬರುವ ಹಾಗೆ ಸರಿಪಡಿಸಿ. ಬಾಣ ತೋರಿಸಿದ ಕಡೆ ಏನೂ ಕಾಣುತ್ತಿಲ್ಲ ಅಂತ ಬರುವ ದೂರುಗಳಲ್ಲಿ ಹೆಚ್ಚಿನವು ಈ ಕೆಲಸ ಬಿಟ್ಟವರದ್ದು.

ಪ್ರಶ್ನೆ: ಇದೇ ಟೆಲಿಸ್ಕೋಪಿನಲ್ಲಿ ಹಗಲು ಸೂರ್ಯನ ಕಲೆಗಳನ್ನು ನೋಡಬಹುದೇ?

ಉತ್ತರ: ಕೊಳವೆಯ ಮುಂಬದಿಯನ್ನು ಪೂರ್ತಿ ಮುಚ್ಚುವ ಸೂರ್ಯನ ಫಿಲ್ಟರ್ ಇದ್ದರೆ ಮಾತ್ರ. ಐಪೀಸಿಗೆ ತಿರುಪಿ ಹಾಕುವ ಪುಟ್ಟ ಫಿಲ್ಟರ್ ಸಿಕ್ಕಿದರೆ ಕಸಕ್ಕೆ ಹಾಕಿ. ಕೇಂದ್ರೀಕರಿಸಿದ ಬಿಸಿಲಿಗೆ ಅದು ಪಟ್ಟನೆ ಒಡೆಯುತ್ತದೆ, ಕಣ್ಣು ಹೋಗಲು ಕ್ಷಣ ಸಾಕು. ಸೀಸ್ಟಾರ್ ಎಸ್50ಯ ಜೊತೆಗೆ ಫಿಲ್ಟರ್ ಬರುತ್ತದೆ, ಅಲ್ಲಿ ಕಣ್ಣೂ ಇಡಬೇಕಾಗಿಲ್ಲ. ಈ ಒಂದು ವಿಷಯದಲ್ಲಿ ಅದಕ್ಕೇ ನನ್ನ ಓಟು. ಮಕ್ಕಳನ್ನು ಮಾತ್ರ ಒಂಟಿಯಾಗಿ ಬಿಡಬೇಡಿ.

ಪ್ರಶ್ನೆ: ಹೊಸ ಟೆಲಿಸ್ಕೋಪಿನ ವೈಫೈಗೆ ಫೋನ್ ಸೇರಿಸುತ್ತೇನೆ, ಒಂದೇ ನಿಮಿಷದಲ್ಲಿ ಕಡಿದುಹೋಗುತ್ತದೆ. ವಾಪಸ್ ಕೊಡಲೇ?

ಉತ್ತರ: ತಾಳಿ, ಮೊದಲು ಫೋನನ್ನು ನೋಡೋಣ. ಟೆಲಿಸ್ಕೋಪ್ ತನ್ನದೇ ವೈಫೈ ಮಾಡಿಕೊಳ್ಳುತ್ತದೆ, ಅದರಲ್ಲಿ ಇಂಟರ್ನೆಟ್ ಇರುವುದಿಲ್ಲ. ‘ಇದು ಉಪಯೋಗವಿಲ್ಲದ ವೈಫೈ’ ಅಂದುಕೊಂಡು ಫೋನ್ ತಾನೇ ಮೊಬೈಲ್ ಡೇಟಾಗೆ ಹಾರುತ್ತದೆ. ನೋಡುವಷ್ಟು ಹೊತ್ತು ಮೊಬೈಲ್ ಡೇಟಾ ಆಫ್ ಮಾಡಿ. ವಿಪಿಎನ್ ಇದ್ದರೆ ಅದನ್ನೂ ನಿಲ್ಲಿಸಿ. ಆ್ಯಪ್ ಲೊಕೇಶನ್ ಕೇಳಿದಾಗ ಬೇಡ ಅಂದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಡಿ. ಇಷ್ಟಾದ ಮೇಲೂ ಕಡಿದರೆ ಇನ್ನೊಬ್ಬರ ಫೋನಿನಲ್ಲಿ ಪ್ರಯತ್ನಿಸಿ. ಅಲ್ಲೂ ನಿಲ್ಲದಿದ್ದರೆ ಆಗ ವಾಪಸ್ ಕೊಡುವ ಮಾತು. ಅಪ್‌ಡೇಟ್ ಇದ್ದರೆ ಹಗಲೇ ಮುಗಿಸಿಕೊಳ್ಳಿ. ತಾರಸಿಯಲ್ಲಿ ಕತ್ತಲಲ್ಲಿ ನಿಂತು ಅದು ಮುಗಿಯುವುದನ್ನೇ ಕಾಯುತ್ತಿದ್ದರೆ, ಅಷ್ಟರಲ್ಲಿ ಮೋಡ ಬಂದಿರುತ್ತದೆ.