ಎರಡನೇ ಭಾನುವಾರ ಯಾಕೆ ಬರುವುದಿಲ್ಲ?

ಪ್ರಿಯ ಸಹೋದರರೇ,

ಹಾಸನದಿಂದ ನೀವು ಬರೆದ ಪತ್ರ ಸಿಕ್ಕಿತು. ನಿಮ್ಮ ಚರ್ಚಿನ ಸಭೆಗೆ ಹೊಸಬರು ಬರುತ್ತಾರೆ, ಒಂದು ಭಾನುವಾರ ಕೂತು ಹೋಗುತ್ತಾರೆ, ಆಮೇಲೆ ಪತ್ತೆಯಿಲ್ಲ. ಅದಕ್ಕೆ ಯೌವನಸ್ಥರು ಹೊಸ ಕೀಬೋರ್ಡ್, ಸೌಂಡ್ ಸಿಸ್ಟಂ ಬೇಕೇ ಬೇಕು ಅಂತಾರೆ, ಹಿರಿಯರು ಬೇಡ ಅಂತಾರೆ, ಏನು ಮಾಡೋಣ ಅಂತ ಕೇಳಿದ್ದೀರಿ.

ಕೀಬೋರ್ಡ್ ತಗೊಳ್ಳಿ. ಆದರೆ ಅದನ್ನು ಕೇಳಿ ಯಾರೂ ಉಳಿಯುವುದಿಲ್ಲ.

ನನ್ನ ಕತೆಯನ್ನೇ ಕೇಳಿ. ಕೆಲಸದ ಮೇಲೆ ಚಿಕ್ಕಮಗಳೂರಿಗೆ ಬಂದ ಹೊಸತು. ಒಂದು ಚರ್ಚಿಗೆ ಹೋಗಿ ಮೂರನೇ ಬೆಂಚಿನಲ್ಲಿ ಕೂತೆ. ಅಜ್ಜಿಯೊಬ್ಬರು ಬಂದು ಬೈಬಲಿನಿಂದಲೇ ಬೆಂಚು ತಟ್ಟಿ, 'ಇದು ನಮ್ಮ ಜಾಗ' ಅಂದರು. ಹಿಂದೆ ಹೋದೆ. ಗೀತೆಯ ನಂಬರ್ ಹೇಳಿದರು, ಎಲ್ಲರ ಕೈಯಲ್ಲೂ ಪುಸ್ತಕ, ನನ್ನ ಕೈ ಖಾಲಿ. ಅವರು ಎದ್ದಾಗ ಎದ್ದೆ, ಕೂತಾಗ ಕೂತೆ, ಒಂದು ಸಲ ನಾನೊಬ್ಬನೇ ನಿಂತಿದ್ದೆ! ಆರಾಧನೆ ಮುಗಿದ ಮೇಲೆ ಅಂಗಳದ ತುಂಬ ಗುಂಪು, ಮದುವೆ ಮಾತು, ಕಾಫಿ ರೇಟು. ಸುಮ್ನೆ ಚಪ್ಪಲಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಒಬ್ಬರು, 'ಮನೆ ಯಾವ ಕಡೆ? ನಾನೂ ಬಸ್ ಸ್ಟ್ಯಾಂಡ್ ದಾರಿಯೇ, ಬನ್ನಿ' ಅಂದರು. ಮುಂದಿನ ಭಾನುವಾರ ನಾನು ಹೋದದ್ದು ಅವರಿಗೋಸ್ಕರ. ಅಜ್ಜಿ ಕೆಟ್ಟವರಲ್ಲ ಬಿಡಿ, ಆಮೇಲೆ ಅವರ ಮನೆಯಲ್ಲೇ ಎಷ್ಟು ಸಲ ಊಟ ಮಾಡಿದ್ದೇನೆ.

ಜಾಗದ ಈ ತಕರಾರು ಹಳೆಯದು. ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ತೆಗೆಯಿರಿ. ಚಿನ್ನದ ಉಂಗುರ ಹಾಕಿದವನಿಗೆ ಒಳ್ಳೆ ಜಾಗ, ಕೊಳಕು ಬಟ್ಟೆಯ ಬಡವನಿಗೆ ಅಲ್ಲೇ ನಿಲ್ಲುವ ಅಪ್ಪಣೆ.

ಊರೂರು ಸುತ್ತಿ ಜನರನ್ನು ಕರೆತರುವ ಮಾತಲ್ಲ ಇದು. ತಾವಾಗಿ ಬಾಗಿಲಿಗೆ ಬಂದವರ ಮಾತು: ನರ್ಸಿಂಗ್ ಓದುವ ಹುಡುಗಿಯರು, ವರ್ಗವಾಗಿ ಬಂದ ನೌಕರರು, ಸಕಲೇಶಪುರದ ಕಡೆ ತೋಟಗಳಿಗೆ ಅಸ್ಸಾಂ, ಜಾರ್ಖಂಡ್‌ನಿಂದ ಬಂದ ಕೂಲಿಯವರು. ಇವರಲ್ಲಿ ಕೆಲವರಿಗೆ ಕನ್ನಡವೇ ಬರುವುದಿಲ್ಲ. ಒಂದು ಬೈಬಲ್ ವಾಚನವನ್ನು ಹಿಂದಿಯಲ್ಲೂ ಓದಿದರೆ ನಮ್ಮ ಗಂಟೇನು ಹೋಗುತ್ತದೆ? ಡಿಸೆಂಬರ್, ಜನವರಿಯಲ್ಲಿ ಕಾಫಿ ಹಣ್ಣು ಕುಯ್ಯುವ ಕೆಲಸ ಭಾನುವಾರವೂ ಬಿಡದಿದ್ದರೆ, ಆಗ ಸಂಜೆ ಒಂದು ಆರಾಧನೆ ಇಡಿ.

ಒಂದು ಮಾತ್ರ ಮಾಡಬೇಡಿ. ಹೊಸಬರನ್ನು ಎಬ್ಬಿಸಿ ಮೈಕ್ ಕೊಟ್ಟು 'ನಿಮ್ಮ ಪರಿಚಯ ಹೇಳಿ' ಅನ್ನುವುದು. ಎಷ್ಟೋ ಜನ ಆ ಭಯಕ್ಕೇ ಮತ್ತೆ ಬರುವುದಿಲ್ಲ. ಅದರ ಬದಲು ಬಾಗಿಲ ಹತ್ತಿರ ಮಾತು ಬಲ್ಲ ಒಬ್ಬರು ನಿಲ್ಲಲಿ. ಬ್ಯಾಡ್ಜು, ಸಮಿತಿ ಯಾವುದೂ ಬೇಡ. ಹೆಸರು ಕೇಳಿ, ಮನೆಗೆ ಹೋಗಿ ಬರೆದಿಟ್ಟುಕೊಂಡು, ಮುಂದಿನ ವಾರ ಹೆಸರು ಹಿಡಿದೇ ಮಾತಾಡಿಸಲಿ.

ಕೀಬೋರ್ಡಿನ ದುಡ್ಡಿನಲ್ಲಿ ಮೊದಲು ಇಪ್ಪತ್ತು ಗೀತೆ ಪುಸ್ತಕ ತಂದು ಆ ಬಾಗಿಲ ಹತ್ತಿರದ ಮೇಜಿನ ಮೇಲಿಡಿ. ಯೌವನಸ್ಥರು ಮುನಿಸಿಕೊಂಡರೆ ನನ್ನ ಹೆಸರು ಹೇಳಿ.

ನಿಮ್ಮ,
ಸಂಪಾದಕ