ಸಾಲವಿಲ್ಲದ ರಾಗಿ ಬೆಳೆಗಾರರಿಗೆ ವಿಮೆ ಏಕೆ?

ಬ್ಯಾಂಕ್ ಸಾಲ ಪಡೆಯದವರು ಮಳೆಯಾಶ್ರಿತ ರಾಗಿಗೆ ವಿಮೆ ಮಾಡಿಸಬೇಕೇ ಎಂದು ತಾವು ಕೇಳಿದ್ದೀರಿ. 2020ರ ಮುಂಗಾರಿನಿಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯು (ಸರ್ಕಾರದ ಬೆಳೆ ವಿಮೆ) ಸಾಲಗಾರರಿಗೂ ಐಚ್ಛಿಕವಾಗಿದೆ. ಆದರೂ ರೈತರು ಅದನ್ನು ಆರಿಸಿಕೊಳ್ಳಲು ಒಂದು ಕಾರಣವೆಂದರೆ, ಮುಂಗಾರಿನ ಆಹಾರಧಾನ್ಯಗಳಿಗೆ ರೈತರು ಕಟ್ಟಬೇಕಾದ ಪಾಲು ವಿಮಾ ಮೊತ್ತದ ಗರಿಷ್ಠ ಶೇ. 2ರಷ್ಟಿದ್ದು, ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಉಳುಮೆಗೆ, ಬೀಜಕ್ಕೆ, ಗೊಬ್ಬರಕ್ಕೆ ಹಾಕಿದ ಹಣ ಒಂದೇ ಬರದಲ್ಲಿ ಮಣ್ಣುಪಾಲಾದರೆ ಮುಂದಿನ ಬಿತ್ತನೆಗೆ ಕೈಸಾಲವೇ ಗತಿಯಾಗುವುದರಿಂದ, ಇಂದು ಸಾಲವಿಲ್ಲದ ತಮ್ಮಂಥವರಿಗೇ ಇದು ಹೆಚ್ಚು ಅಗತ್ಯವೆಂದು ನಾನು ನಂಬಿದ್ದೇನೆ. ಆದರೆ ಬರದ ನಷ್ಟವನ್ನು ತಮ್ಮ ಹೊಲವೊಂದನ್ನೇ ನೋಡಿ ಅಳೆಯುವುದಿಲ್ಲ. ಗ್ರಾಮ ಪಂಚಾಯಿತಿ ಅಥವಾ ಹೋಬಳಿಯ ಬೆಳೆ ಕಟಾವು ಪ್ರಯೋಗಗಳಲ್ಲಿ, ಅಂದರೆ ಆಯ್ದ ಕೆಲವು ತಾಕುಗಳ ಬೆಳೆಯನ್ನು ಕೊಯ್ದು ಅಳೆದಾಗ, ಸಿಗುವ ಸರಾಸರಿ ಇಳುವರಿಯೇ ಅದನ್ನು ನಿರ್ಧರಿಸುತ್ತದೆ. ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪವಾದರೆ 72 ಗಂಟೆಗಳೊಳಗೆ ತಿಳಿಸಿ, ತಮ್ಮ ಹೊಲದ ಪರಿಶೀಲನೆ ಕೋರಬಹುದು.